ಜೀರ್ಣೋದ್ಧಾರ ಅಂದರೆ ಹೊಸದು ಮಾಡುವುದಾ?

ನಾನಿರುವುದು ಜರ್ಮನಿಯ ಹ್ಯಾಂಬರ್ಗ್ ಹತ್ತಿರದ ಒಂದು ಸಣ್ಣ ಊರಲ್ಲಿ. ಇಲ್ಲಿನ ಹಳೇ ಚರ್ಚಿನ ಪೈಪ್ ಆರ್ಗನ್ ಬಾಯಿ ಮುಚ್ಚಿ ಎಷ್ಟೋ ವರ್ಷಗಳಾಗಿವೆ. ಮೇಲೆ ಅಟ್ಟದ ತುಂಬ ಕೊಳವೆಗಳು ನಿಂತಿವೆ. ಕೆಳಗೆ ಮೂಲೆಯಲ್ಲಿರುವ ಎಲೆಕ್ಟ್ರಾನಿಕ್ ಕೀಬೋರ್ಡೇ ಭಾನುವಾರದ ಹಾಡುಗಳಿಗೆ ಗತಿ. ಮೊದಲ ಸಲ ಅದನ್ನು ನೋಡಿದಾಗ ನೆನಪಾಗಿದ್ದು ನಮ್ಮ ದೇವಸ್ಥಾನಗಳ ಮಂಗಳಾರತಿ ಮೆಷಿನ್. ಸ್ವಿಚ್ ಹಾಕಿದರೆ ನಗಾರಿ, ಜಾಗಟೆ, ಗಂಟೆ ಎಲ್ಲ ತಾವೇ ಬಡಿದುಕೊಳ್ಳುತ್ತವಲ್ಲ, ಅದು. ನಗಾರಿಯವನ ಮಗ ಬೇರೆ ಕೆಲಸ ಹಿಡಿದ, ಮೆಷಿನ್ ಬಂತು, ನಗಾರಿ ಉಗ್ರಾಣ ಸೇರಿತು. ಇಲ್ಲೂ ಕತೆ ಅದೇ.

ಆರ್ಗನ್ ನಮಗೆ ತೀರಾ ಅಪರಿಚಿತವೇನಲ್ಲ. ಹಾರ್ಮೋನಿಯಂನ ತಿದಿಯನ್ನು ಕೋಣೆಯಷ್ಟು ದೊಡ್ಡದು ಮಾಡಿ, ರೀಡುಗಳ ಜಾಗದಲ್ಲಿ ಸಾವಿರಾರು ಕೊಳವೆ ನಿಲ್ಲಿಸಿದ ಹಾಗೆ. ಕೆಲವು ಕೊಳವೆ ಪೆನ್ಸಿಲ್‌ನಷ್ಟು, ಕೆಲವು ಮನೆಯಷ್ಟು ಎತ್ತರ. ಕರೆಂಟ್ ಬರುವ ಮುಂಚೆ ತಿದಿ ತುಳಿಯಲು ಬೇರೆ ಆಳುಗಳೇ ಇರುತ್ತಿದ್ದರು.

ವಯಸ್ಸಾಯಿತು ಅಂತ ಇದು ಕೆಡುವುದಿಲ್ಲ, ಗಮನ ತಪ್ಪಿದಾಗ ಕೆಡುತ್ತದೆ. ತಿದಿಯ ತೊಗಲು ಒಣಗಿ ಬಿರಿಯುತ್ತದೆ. ಚಳಿಗಾಲದಲ್ಲಿ ಹೀಟರ್ ಜಾಸ್ತಿ ಉರಿಸಿದರೆ, ಕೊಳವೆಗಳು ನಿಲ್ಲುವ ಗಾಳಿಪೆಟ್ಟಿಗೆಯ ಮರ ಸೀಳುತ್ತದೆ. ಖರ್ಚು ಉಳಿಸಲು ಹೀಟರ್ ಆರಿಸಿ ಬಾಗಿಲು ಹಾಕಿಟ್ಟರೆ ಬೂಷ್ಟು ಹಿಡಿಯುತ್ತದೆ. ಲ್ಯೂಬೆಕ್‌ನ ಸೇಂಟ್ ಯಾಕೋಬಿ ಚರ್ಚಿನಲ್ಲಿ 15ನೇ ಶತಮಾನದ ಕೊಳವೆಗಳಿರುವ ಆರ್ಗನ್ ಇದೆ. ಅದರ ಸೀಸದ ಕೊಳವೆಗಳಿಗೆ ತೂತು ಬೀಳತೊಡಗಿದಾಗ ಕಾರಣ ಹುಡುಕಿದರು. ಓಕ್ ಮರದಿಂದ ಹೊರಡುವ ಅಸಿಟಿಕ್ ಆಮ್ಲ ಸೀಸವನ್ನು ತಿನ್ನುತ್ತದೆ, ರಿಪೇರಿಗೆಂದು ತಂದ ಹೊಸ ಮರದಿಂದ ಅದು ಇನ್ನೂ ಜಾಸ್ತಿ ಬರುತ್ತದೆ. ಅಂದರೆ ಉಪಕಾರ ಮಾಡಲು ಹೋಗಿಯೂ ಕೊಲ್ಲಬಹುದು.

ಹ್ಯಾಂಬರ್ಗ್‌ನಲ್ಲೂ ಸೇಂಟ್ ಯಾಕೋಬಿ ಎಂಬ ಅದೇ ಹೆಸರಿನ ಚರ್ಚಿದೆ, ಅಲ್ಲಿನ ಆರ್ಗನ್ ಕತೆ ಇನ್ನೂ ಉದ್ದ. ಆರ್ಗನ್ ಕಟ್ಟುವ ಆರ್ಪ್ ಶ್ನಿಟ್‌ಗರ್ ಅದನ್ನು 1693ರಲ್ಲಿ ಮುಗಿಸಿದ. 60 ಸ್ಟಾಪ್ (ಅಂದರೆ ಒಂದೊಂದು ಬಗೆಯ ದನಿಯ ಕೊಳವೆ ಸಾಲು), ಹೆಚ್ಚುಕಡಿಮೆ 4,000 ಕೊಳವೆ. 1720ರಲ್ಲಿ ಇದನ್ನು ನುಡಿಸುವ ಕೆಲಸಕ್ಕೆ ಹೆಸರಾಂತ ಸಂಗೀತಗಾರ ಬಾಖ್ ಕೂಡ ಹೆಸರು ಕೊಟ್ಟಿದ್ದ. ಕೆಲಸ ಸಿಕ್ಕಿದ್ದು ಚರ್ಚಿಗೆ 4,000 ಮಾರ್ಕ್ ಹಣ ಕೊಟ್ಟ ಹೈಟ್‌ಮನ್ ಎಂಬಾತನಿಗೆ. (ಡೊನೇಷನ್ ಕೊಟ್ಟು ಸೀಟು ಹಿಡಿಯುವುದು ನಮ್ಮದೇ ಕಲೆ ಅಂದುಕೊಂಡಿದ್ದೆ.) 1917ರಲ್ಲಿ ಮುಂದಿನ ಸಾಲಿನ ತವರದ ಕೊಳವೆಗಳನ್ನು ಯುದ್ಧಕ್ಕೆಂದು ಕಿತ್ತು ಕರಗಿಸಿದರು. ಅಷ್ಟು ಹೊತ್ತಿಗೆ ಈ ವಾದ್ಯದ ಬೆಲೆ ಊರಿಗೇ ಮರೆತುಹೋಗಿತ್ತು. ಅದನ್ನು ಮತ್ತೆ ನೆನಪಿಸಿದವನು ಚರ್ಚಿನವನಲ್ಲ, ಹಾನ್ಸ್ ಹೆನ್ನಿ ಯಾನ್ ಎಂಬ ಬರಹಗಾರ. ಎರಡನೇ ಯುದ್ಧದಲ್ಲಿ ಕೊಳವೆಗಳನ್ನು ಬಿಚ್ಚಿ ಬಚ್ಚಿಟ್ಟಿದ್ದರು. 1944ರ ಬಾಂಬಿಗೆ ಚರ್ಚು ಉರಿಯಿತು, ಕೊಳವೆಗಳು ಉಳಿದವು. ಯುದ್ಧ ಮುಗಿದ ಮೇಲೆ ಒಮ್ಮೆ ಜೋಡಿಸಿದರು. ಅದು ಸರಿಯಾಗಲಿಲ್ಲ ಎಂದು ಆರ್ಗನ್ ಕಟ್ಟುವ ಯುರ್ಗನ್ ಆರೆಂಡ್ 1993ರಲ್ಲಿ ಹೊಸದಾಗಿ ಸರಿಪಡಿಸಿ ಮುಗಿಸಿದರು. ಶ್ನಿಟ್‌ಗರನ ಕೊಳವೆಗಳು ಇವತ್ತಿಗೂ ಅಲ್ಲಿ ನುಡಿಯುತ್ತಿವೆ. ಒಂದು ಸಲ ಕೂತು ಕೇಳಿ, ಬೆಂಚು ನಡುಗುತ್ತದೆ.

ನಾನಿರುವ ಊರಿನ ಆರ್ಗನ್ ವಿಷಯದಲ್ಲಿ ಮೊದಮೊದಲು ನನಗೆ ರೇಗುತ್ತಿತ್ತು. ಒಂದು ತಿದಿ ರಿಪೇರಿಗೆ ಎಷ್ಟು ಕಾಗದ! ಆರ್ಗನ್ ತಜ್ಞರು ನೋಡಬೇಕು, ಸ್ಮಾರಕ ಇಲಾಖೆ ಒಪ್ಪಬೇಕು. ಯಾವ ಮೊಳೆ ಯಾವ ಕಾಲದ್ದು, ಯಾವುದನ್ನು ಬಿಡಬೇಕು, ಯಾವುದನ್ನು ತೆಗೆಯಬೇಕು, ಎಲ್ಲ ಬರೆದಾಗಬೇಕು. ನಮ್ಮಲ್ಲಾದರೆ ಇಷ್ಟು ಹೊತ್ತಿಗೆ ಕಮಿಟಿ ಮಾಡಿ, ರಸೀದಿ ಪುಸ್ತಕ ಅಚ್ಚು ಹಾಕಿಸಿ, ಕೆಲಸವನ್ನೇ ಮುಗಿಸಿಬಿಡುತ್ತಿದ್ದೆವು. ಮುಗಿಸುತ್ತಿದ್ದುದು ಹೇಗೆ ಅಂತ ಯೋಚಿಸಿದಾಗ ನನ್ನ ರೇಗಾಟ ಇಳಿಯಿತು. ಹಳೇ ಕಲ್ಲುಕಂಬಕ್ಕೆ ಆಯಿಲ್ ಪೇಂಟ್, ಗರ್ಭಗುಡಿಗೆ ಬಾತ್‌ರೂಮ್ ಟೈಲ್ಸ್. ಅದನ್ನೇ ಜೀರ್ಣೋದ್ಧಾರ ಅಂತ ಕರೆದು ಕಲ್ಲಲ್ಲಿ ಕೆತ್ತಿಸುತ್ತೇವೆ.

ಹಾಗಂತ ಇಲ್ಲಿಯವರನ್ನು ಸುಮ್ನೆ ಹೊಗಳಲಾರೆ. ಜರ್ಮನಿಯಲ್ಲಿ ಸುಮಾರು 50,000 ಆರ್ಗನ್‌ಗಳಿವೆ, ಕಟ್ಟುವ ಕಾರ್ಯಾಗಾರಗಳೇ ಸುಮಾರು 400. 2017ರಲ್ಲಿ ಯುನೆಸ್ಕೊ ಇವರ ಆರ್ಗನ್ ಕುಶಲಕಲೆ ಮತ್ತು ಸಂಗೀತವನ್ನು ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಕುಶಲಕರ್ಮಿ ಇದ್ದಾನೆ, ಕಾಯಿದೆ ಇದೆ. ಇಲ್ಲದಿರುವುದು ಜನ. ನಾನಿರುವ ಊರ ಚರ್ಚಿನಲ್ಲಿ ಭಾನುವಾರ ಹನ್ನೆರಡು ತಲೆ ಎಣಿಸಿದರೆ ಅದೇ ಹಬ್ಬ. ನಮ್ಮ ದೇವಸ್ಥಾನಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಆದರೂ ನಗಾರಿಗೆ ಒಬ್ಬ ಸಿಕ್ಕುವುದಿಲ್ಲ! ಖಾಲಿ ಚರ್ಚಿನವರು ವಾದ್ಯ ಉಳಿಸಲು ಒದ್ದಾಡುತ್ತಿದ್ದಾರೆ, ತುಂಬಿದ ಗುಡಿಯವರು ಮೆಷಿನ್ ತಂದರು. ಇದರಲ್ಲಿ ಯಾವುದು ಜಾಸ್ತಿ ಬೇಸರದ್ದು ಅಂತ ನನಗಿನ್ನೂ ತೀರ್ಮಾನವಾಗಿಲ್ಲ.

ಹಣ ಎತ್ತಲು ಇಲ್ಲಿ ಕೊಳವೆ ದತ್ತು ಕೊಡುವ ರೂಢಿಯಿದೆ. ದೊಡ್ಡ ಕೊಳವೆಗೆ ಜಾಸ್ತಿ, ಸಣ್ಣದಕ್ಕೆ ಕಡಿಮೆ. ಕೊಟ್ಟವರಿಗೆ ಒಂದು ಪ್ರಮಾಣಪತ್ರ. ನಮ್ಮಲ್ಲಿ ಟ್ಯೂಬ್‌ಲೈಟ್ ಕೊಟ್ಟವರು ಬೆಳಕೇ ಬೀಳದಷ್ಟು ದೊಡ್ಡದಾಗಿ ಅದರ ಮೇಲೆ ಹೆಸರು ಬರೆಸುತ್ತಾರಲ್ವಾ, ಅದನ್ನು ಪಾದ್ರಿಯವರಿಗೆ ಹೇಳಿದೆ. ತುಂಬಾ ಹೊತ್ತು ನಕ್ಕರು. ನಾನೂ ಒಂದು ಕೊಳವೆ ತೆಗೆದುಕೊಂಡೆ. ಹಿಂದಿನ ಸಾಲಿನದು, ಕಿರುಬೆರಳಿನಷ್ಟು, ಕೆಳಗಿನಿಂದ ಕಾಣುವುದೂ ಇಲ್ಲ. ಸ್ವರ ಹೇಗಿದೆ ಅಂತ ಕೇಳಿದೆ. ತಿದಿಗೆ ತೊಗಲು ಹಾಕುವವರೆಗೆ ಯಾರಿಗೂ ಗೊತ್ತಾಗುವುದಿಲ್ಲವಂತೆ.