100 ವ್ಯಾಟ್ ಸ್ಪೀಕರಿಗೆ 40 ವ್ಯಾಟ್ ಆಂಪ್ಲಿಫೈಯರೇ ಸೇಫ್ ಅನ್ನೋದು ತಪ್ಪು

ದಾವಣಗೆರೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ಸ್ಪೀಕರ್ ಹಿಂದೆ 100 ವ್ಯಾಟ್ ಅಂತ ಇದ್ದರೆ ಅದಕ್ಕಿಂತ ದೊಡ್ಡ ಆಂಪ್ಲಿಫೈಯರ್ ಹಾಕಿದರೆ ಸುಟ್ಟೇ ಹೋಗುತ್ತದೆ, 40 ವ್ಯಾಟಿನದೇ ಸೇಫ್ ಅಂತ. ಇದು ಸರಿಯಲ್ಲ.

150 ವ್ಯಾಟಿನ ಆಂಪ್ಲಿಫೈಯರ್ ಯಾವಾಗಲೂ 150 ವ್ಯಾಟ್ ತಳ್ಳುವುದಿಲ್ಲ. ವಾಲ್ಯೂಮ್ ಎಷ್ಟಿದೆಯೋ ಅಷ್ಟೇ. ಮಾಮೂಲಿ ಸದ್ದಿಗೆ ಕೆಲವೇ ವ್ಯಾಟ್ ಸಾಕು, ಆದರೆ ಡೊಳ್ಳಿನ ಪೆಟ್ಟು ಬಿದ್ದ ಕ್ಷಣಕ್ಕೆ ಅದರ ಹತ್ತು ಪಟ್ಟು ಬೇಕಾಗಬಹುದು. ಆಗ ಚಿಕ್ಕ ಆಂಪ್ಲಿಫೈಯರನ್ನು ಜೋರು ಮಾಡಿದಷ್ಟೂ ಅಲೆಯ ತುದಿ ಕತ್ತರಿಸಿದ ಹಾಗೆ ಚಪ್ಪಟೆಯಾಗುತ್ತದೆ, ಇದೇ ಕ್ಲಿಪ್ಪಿಂಗ್, ಸದ್ದು ಒರಟಾಗುತ್ತದೆ, ಏರು ಸ್ವರಗಳನ್ನು ನುಡಿಸುವ ಚಿಕ್ಕ ಸ್ಪೀಕರ್ ಆದ ಟ್ವೀಟರಿನ ತೆಳು ತಂತಿಯ ಕಾಯಿಲಿಗೆ ತಡೆಯಲಾರದಷ್ಟು ಪವರ್ ಹೋಗಿ ಅದು ಸುಡಬಹುದು. ದೊಡ್ಡದರಲ್ಲೂ ಮಿತಿ ಮೀರಿ ಕೂಗಿಸಿದರೆ ಸುಡುತ್ತದೆ, ಅದು ಬೇರೆ ಮಾತು.

ಮೆಸೇಜಿನಲ್ಲಿ ಓಮ್ ಮಾತೇ ಇಲ್ಲ, ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ! ದುಬಾರಿ ಸ್ಪೀಕರುಗಳಲ್ಲಿ 8 ಓಮ್ ಅಂತ ಬರೆದಿದ್ದರೂ ಕೆಲವು ಸ್ವರಗಳಲ್ಲಿ ಅದು 4 ಓಮಿಗೋ ಅದಕ್ಕಿಂತ ಕೆಳಗೋ ಇಳಿಯುವುದುಂಟು. ಓಮ್ ಅರ್ಧವಾದರೆ ಅದೇ ವೋಲ್ಟೇಜಿಗೆ ಕರೆಂಟ್ ಎರಡು ಪಟ್ಟು. ಅದಕ್ಕೇ ಅಂಗಡಿಯಲ್ಲಿ ಆಂಪ್ಲಿಫೈಯರ್ 4 ಓಮಿಗೆ ಎಷ್ಟು ವ್ಯಾಟ್ ಕೊಡುತ್ತದೆ ಅಂತ ಕೇಳಿ. 8 ಓಮಿಗೆ 100 ಕೊಟ್ಟು 4 ಓಮಿಗೆ 180, 190 ಮುಟ್ಟಿದರೆ ಅದಕ್ಕೆ ದಮ್ಮಿದೆ. ಸ್ಪೀಕರಿನ ಸೆನ್ಸಿಟಿವಿಟಿಯನ್ನೂ ನೋಡಿ, ಅಂದರೆ ಅಷ್ಟೇ ಪವರಿಗೆ ಅದು ಎಷ್ಟು ಡಿಬಿ (ಡೆಸಿಬೆಲ್) ಸದ್ದು ಕೊಡುತ್ತದೆ ಅಂತ; 87 ಡಿಬಿ ಸ್ಪೀಕರಿನಷ್ಟೇ ಸದ್ದು ಬರಲು 84 ಡಿಬಿಯದಕ್ಕೆ ಎರಡು ಪಟ್ಟು ಪವರ್ ಬೇಕು. ಪಿ.ಜೆ. ಬಡಾವಣೆಯ ಸಣ್ಣ ರೂಮಿಗೆ ಇಷ್ಟೆಲ್ಲ ಯಾಕೆ ಅಂದರೆ, ಸ್ಪೀಕರ್ ಸುಲಭದ್ದಾಗಿದ್ದರೆ, ಅಂದರೆ ಓಮ್ ಹೆಚ್ಚು ಇಳಿಯದೆ ಸೆನ್ಸಿಟಿವಿಟಿಯೂ ಚೆನ್ನಾಗಿದ್ದರೆ, ನಿಜಕ್ಕೂ ಬೇಡ.

ಆ ಮೆಸೇಜ್ ಬಂದರೆ ಸುಮ್ನೆ ಫಾರ್ವರ್ಡ್ ಮಾಡಬೇಡಿ, ಈಗಾಗಲೇ ಮಾಡಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.