ಕೊಂಬಿನ ಸಗಣಿಯೂ ಕೂಲೇ ದ ಸೆರ್ರಾಂ ವೈನೂ

ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಹಸುವಿನ ಕೊಂಬಿಗೆ ಸಗಣಿ ತುಂಬಿ ಮಣ್ಣಲ್ಲಿ ಹೂಳುವ ವಿಡಿಯೋಗಳನ್ನು ನೀವೂ ನೋಡಿರಬಹುದು. ನಮ್ಮ ಗ್ರೂಪುಗಳಲ್ಲಿ ಇಂಥದ್ದು ಬಂದರೆ ಎರಡೇ ಥರದ ಮಾತು. ಒಂದು, "ನೋಡಿ, ನಮ್ಮ ಹಿರಿಯರು ಹೇಳಿದ್ದನ್ನೇ ಇವರು ಈಗ ಕಲಿಯುತ್ತಿದ್ದಾರೆ". ಇನ್ನೊಂದು, "ಅಲ್ಲೂ ಮೂಢನಂಬಿಕೆ ಶುರುವಾಯ್ತಾ?" ಬಯೋಡೈನಾಮಿಕ್ ಅನ್ನುವ ಈ ಕೊಂಬಿನ ಬೇಸಾಯಕ್ಕೆ ಫ್ರಾನ್ಸಿನಲ್ಲಿ ತುಂಬಾ ಹೆಸರಾದ ಬಿಳಿ ವೈನ್ ತೋಟವೊಂದು ನಾನಿರುವ ನಾಂತ್‌ನಿಂದ ಹೆಚ್ಚು ದೂರ ಇಲ್ಲ. ಆ ವೈನ್ ನನಗೆ ತುಂಬಾ ಇಷ್ಟ. ಹಾಗಾಗಿ ಎರಡೂ ಮಾತು ಕೇಳಿದಾಗ ಸುಮ್ನೆ ಇರಲು ಆಗುವುದಿಲ್ಲ.

ತೋಟದ ಹೆಸರು ಕೂಲೇ ದ ಸೆರ್ರಾಂ. ಆಂಜೇ ಪಟ್ಟಣದ ಹತ್ತಿರ, ಲುವಾರ್ ನದಿಯ ಉತ್ತರ ದಂಡೆಯಲ್ಲಿ ಸಾವೆನ್ಯೇರ್ ಎಂಬ ಹಳ್ಳಿ ಇದೆ. ಅಲ್ಲಿನ ಕಡಿದಾದ ಇಳಿಜಾರಿನಲ್ಲಿ ಸುಮಾರು 7 ಹೆಕ್ಟೇರ್ ಜಾಗ. ನಮ್ಮ ಲೆಕ್ಕದಲ್ಲಿ ಹದಿನೇಳು ಎಕರೆ ಅನ್ನಿ. ಇಷ್ಟು ಚಿಕ್ಕ ಜಾಗಕ್ಕೆ ಅದರದ್ದೇ ಪ್ರತ್ಯೇಕ ಆಪೆಲಾಸಿಯೋಂ ಇದೆ. ಅಂದರೆ ಮೈಸೂರು ಮಲ್ಲಿಗೆಗೆ ಸಿಕ್ಕ ಜಿಐ ಥರದ ಮಾನ್ಯತೆ, ಆದರೆ ಇಡೀ ಊರಿಗಲ್ಲ, ಒಂದೇ ತೋಟಕ್ಕೆ. ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳು ಇಲ್ಲಿ ಬಳ್ಳಿ ನೆಟ್ಟಿದ್ದು 1130ರಲ್ಲಿ. ನಮ್ಮಲ್ಲಿ ವಿಷ್ಣುವರ್ಧನ ಆಳುತ್ತಿದ್ದ ಕಾಲ. ಬೆಳೆಯುವುದು ಒಂದೇ ತಳಿ, ಶೆನಿನ್ ಬ್ಲಾಂಕ್. ಹೌದು, ನಾಸಿಕ್‌ನಿಂದ ಬರುವ, ಬೆಂಗಳೂರಿನ ಅಂಗಡಿಗಳಲ್ಲಿ ಸಿಗುವ ಆ ಸ್ವಲ್ಪ ಸಿಹಿ ಬಿಳಿ ವೈನಿನ ಬಾಟಲಿ ಮೇಲೆ ಇರುತ್ತದಲ್ಲ, ಅದೇ ಹೆಸರು.

ಕುರ್ನೋನ್‌ಸ್ಕಿ ಅಂತ ಒಬ್ಬ ಪ್ರಸಿದ್ಧ ಊಟ-ತಿಂಡಿ ಬರಹಗಾರ ಇದ್ದ. ಫ್ರಾನ್ಸಿನ ಐದು ಶ್ರೇಷ್ಠ ಬಿಳಿ ವೈನ್‌ಗಳು ಅಂತ ಅವನು ಮಾಡಿದ ಪಟ್ಟಿಯಲ್ಲಿ ಮೋಂರಾಶೆ, ಶಾತೋ ದಿಕೆಮ್ ಥರದ ದೊಡ್ಡ ಹೆಸರುಗಳ ಜೊತೆ ಇದೂ ಇತ್ತು. ಎಲ್ಲರೂ ಇದನ್ನು ಹೇಳುತ್ತಾರೆ. ಅವನು ಹುಟ್ಟಿದ್ದು ಆಂಜೇಯಲ್ಲೇ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ!

ಜೋಲಿ ಕುಟುಂಬ ಈ ತೋಟ ಕೊಂಡಿದ್ದು ಅರವತ್ತರ ದಶಕದ ಶುರುವಿನಲ್ಲಿ. ಮಗ ನಿಕೊಲಾ ಜೋಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಂಬಿಎ ಓದಿ, ನ್ಯೂಯಾರ್ಕ್ ಮತ್ತು ಲಂಡನ್‌ನಲ್ಲಿ ದೊಡ್ಡ ಬ್ಯಾಂಕಿನ ಕೆಲಸ ಮಾಡುತ್ತಿದ್ದವರು. 1977ರ ಸುಮಾರಿಗೆ ಅದನ್ನು ಬಿಟ್ಟು ತೋಟಕ್ಕೆ ಬಂದರು. ಬಂದ ಹೊಸದರಲ್ಲಿ ಅವರೂ ಎಲ್ಲರ ಹಾಗೇ ಸಲಹೆಗಾರರ ಮಾತು ಕೇಳಿ ಕಳೆನಾಶಕ ಹೊಡೆದರಂತೆ. ಎರಡು ವರ್ಷದಲ್ಲಿ ಮಣ್ಣಿನ ಬಣ್ಣ ಬದಲಾಯಿತು, ಗುಲಗಂಜಿ ಹುಳಗಳು ಕಾಣದಾದವು, ಕೌಜುಗ ಹಕ್ಕಿಗಳು ಹೋದವು ಅಂತ ಅವರೇ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಅದೇ ಹೊತ್ತಿಗೆ ಬಯೋಡೈನಾಮಿಕ್ ಬೇಸಾಯದ ಪುಸ್ತಕವೊಂದು ಕೈಗೆ ಸಿಕ್ಕಿತು. ಮೊದಲು ಸ್ವಲ್ಪ ಜಾಗದಲ್ಲಿ ಮಾಡಿ ನೋಡಿದರು. 1984ಕ್ಕೆ ಇಡೀ ತೋಟವನ್ನೇ ಆ ಪದ್ಧತಿಗೆ ತಂದರು. ಆಗ ಅಕ್ಕಪಕ್ಕದವರು ಏನು ಅಂದುಕೊಂಡಿರಬಹುದು, ಊಹಿಸಿಕೊಳ್ಳಿ. ಈಗ ವೈನ್ ಮಾಡುವ ಜವಾಬ್ದಾರಿ ಮಗಳು ವಿರ್ಜಿನಿ ಅವರದ್ದು.

ಇನ್ನು ಕೊಂಬಿನ ವಿಷಯ. ಹಸುವಿನ ಕೊಂಬಿಗೆ ಸಗಣಿ ತುಂಬಿ ಚಳಿಗಾಲಕ್ಕೆ ಮುಂಚೆ ಹೂಳುತ್ತಾರೆ, ವಸಂತದಲ್ಲಿ ತೆಗೆಯುತ್ತಾರೆ. ಆ ಹೊತ್ತಿಗೆ ಅದು ವಾಸನೆ ಇಲ್ಲದ ಕಪ್ಪು ಪುಡಿಮಣ್ಣಿನ ಹಾಗೆ ಆಗಿರುತ್ತದೆ. ಹೆಕ್ಟೇರಿಗೆ ನೂರು ಗ್ರಾಂ ಆಸುಪಾಸು ಮಾತ್ರ. ಅದನ್ನು ನೀರಿಗೆ ಹಾಕಿ ಒಂದು ಗಂಟೆ ತಿರುಗಿಸಬೇಕು. ಒಂದು ಕಡೆ ತಿರುಗಿಸಿ ಸುಳಿ ಎದ್ದ ಮೇಲೆ ತಕ್ಷಣ ಇನ್ನೊಂದು ಕಡೆಗೆ. ಆಮೇಲೆ ಸಂಜೆ ಹೊತ್ತು ನೆಲಕ್ಕೆ ಚಿಮುಕಿಸುವುದು. ಇದಕ್ಕೆ ಇಟ್ಟಿರುವ ನಂಬರ್ 500. ಬೆಣಚುಕಲ್ಲಿನ ಪುಡಿ ತುಂಬುವುದು 501.

ಹೆಮ್ಮೆ ಪಡುವವರಿಗೆ ಒಂದು ಮಾತು. ಇದು ನಮ್ಮಿಂದ ಹೋದದ್ದಲ್ಲ. 1924ರ ಜೂನ್‌ನಲ್ಲಿ, ಆಗ ಜರ್ಮನಿಯಲ್ಲಿದ್ದ, ಈಗ ಪೋಲೆಂಡ್‌ಗೆ ಸೇರಿದ ಕೋಬರ್‌ವಿಟ್ಸ್ ಎಂಬಲ್ಲಿ ರುಡಾಲ್ಫ್ ಸ್ಟೈನರ್ ಎಂಬ ಆಸ್ಟ್ರಿಯಾದ ಚಿಂತಕ ಬೇಸಾಯದ ಬಗ್ಗೆ ಎಂಟು ಉಪನ್ಯಾಸ ಕೊಟ್ಟ. ಬಯೋಡೈನಾಮಿಕ್ ಬೇಸಾಯ ಹುಟ್ಟಿದ್ದು ಅಲ್ಲಿಂದ. ನಮ್ಮ ಜೀವಾಮೃತ, ಪಂಚಗವ್ಯಗಳ ದಾರಿ ಬೇರೆ. ಸಗಣಿ ಅಂದ ಮಾತ್ರಕ್ಕೆ ಎಲ್ಲವನ್ನೂ ನಮ್ಮ ಖಾತೆಗೆ ಬರೆದುಕೊಳ್ಳುವುದು ಬೇಡ. ತಮಾಷೆ ಅಂದರೆ ಸ್ಟೈನರ್‌ಗೆ ಮದ್ಯ ಕಂಡರೆ ಆಗುತ್ತಿರಲಿಲ್ಲ. ಅವನ ಹೆಸರು ಈಗ ವೈನ್ ಲೋಕದಲ್ಲೂ ಜೋರಾಗಿ ಕೇಳಿಬರುತ್ತದೆ.

ನಗುವವರ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದ ಒಂದು ಮರ್ಲೋ ದ್ರಾಕ್ಷಿ ತೋಟದಲ್ಲಿ 1996ರಿಂದ ಸಾವಯವ ಮತ್ತು ಬಯೋಡೈನಾಮಿಕ್ ಎರಡನ್ನೂ ಪಕ್ಕಪಕ್ಕದಲ್ಲಿ ಮಾಡಿ ನೋಡಿದ್ದರು. ಮೊದಲ ಆರು ವರ್ಷದಲ್ಲಿ ಮಣ್ಣಿನ ಗುಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಗ್ರಹ, ನಕ್ಷತ್ರಗಳ ಶಕ್ತಿ ಬಗ್ಗೆ ಜೋಲಿ ಮಾತಾಡಲು ಶುರು ಮಾಡಿದರೆ ನಾನಂತೂ ತಲೆ ಆಡಿಸಿ ಸುಮ್ಮನಾಗುತ್ತೇನೆ. ನನಗೆ ನಂಬಿಕೆ ಇಲ್ಲ.

ಆದರೆ ಕೊಂಬು ನೋಡಿ ನಕ್ಕು ಮುಂದೆ ಹೋಗುವವರು ತೋಟ ನೋಡುವುದೇ ಇಲ್ಲ, ಅಲ್ವಾ? ಅಲ್ಲಿ ಕಾಲಡಿಗೆ ಸಿಗುವುದು ಪದರ ಪದರವಾಗಿ ಏಳುವ ಶಿಸ್ಟ್ ಕಲ್ಲು. ಮೇಲೆ ಮಣ್ಣು ತೆಳು. ತೀರಾ ಇಳಿಜಾರಿನ ಕಡೆ ಉಳುಮೆಗೆ ಕುದುರೆ ಬಳಸುತ್ತಾರೆ. ಹಣ್ಣು ಹೊಂಬಣ್ಣಕ್ಕೆ ಬರುವ ತನಕ ಕಾಯುತ್ತಾರೆ. ಕೊಯ್ಲು ಒಂದೇ ಸಲ ಅಲ್ಲ. ಅದೇ ಸಾಲುಗಳಲ್ಲಿ ಮತ್ತೆ ಮತ್ತೆ ಹೋಗಿ, ಆ ದಿನಕ್ಕೆ ಸರಿಯಾಗಿ ಹಣ್ಣಾದ ಗೊಂಚಲನ್ನಷ್ಟೇ ಕೈಯಲ್ಲಿ ಕೊಯ್ಯುತ್ತಾರೆ. ಇಳುವರಿ ಹೆಕ್ಟೇರಿಗೆ 20ರಿಂದ 25 ಹೆಕ್ಟೋಲೀಟರ್ (ಒಂದು ಹೆಕ್ಟೋಲೀಟರ್ ಅಂದರೆ ನೂರು ಲೀಟರ್). ಅಂದರೆ ಒಳ್ಳೆ ವರ್ಷದಲ್ಲಿ ಇಡೀ ತೋಟದಿಂದ ಇಪ್ಪತ್ತು ಸಾವಿರ ಚಿಲ್ಲರೆ ಬಾಟಲಿ. ಹುದುಗಿಸಲು ಹೊರಗಿನ ಈಸ್ಟ್ ಹಾಕುವುದಿಲ್ಲ. ಹೊಸ ಓಕ್ ಪೀಪಾಯಿಯ ವಾಸನೆ ಹತ್ತಿಸುವುದಿಲ್ಲ. ಒಂದು ವರ್ಷದ ವೈನ್ ಇನ್ನೊಂದು ವರ್ಷದ ಹಾಗೆ ಇರಲಿ ಅಂತ ತಿದ್ದುವುದಿಲ್ಲ. ಅಕ್ಟೋಬರ್‌ನಲ್ಲಿ ಮಳೆ ಬಂದರೆ ಗತಿ ಏನು ಅಂತ ಯೋಚಿಸಿ. ನಿಜವಾದ ಧೈರ್ಯ ಇರುವುದು ಇಲ್ಲಿ. ಕೊಂಬು ಹೂಳುವುದಕ್ಕೆ ಏನು ಧೈರ್ಯ ಬೇಕು?

ಇನ್ನೊಂದು ವಿಷಯ ನಮ್ಮ ಅಡಿಕೆಯವರಿಗೆ ಖುಷಿ ಕೊಡಬಹುದು. ಎಷ್ಟೇ ಬಯೋಡೈನಾಮಿಕ್ ಅಂದರೂ ಮೈಲುತುತ್ತ, ಅಂದರೆ ತಾಮ್ರದ ಮದ್ದು, ನಿಷೇಧ ಅಲ್ಲ. ಮಳೆ ಜಾಸ್ತಿಯಾಗುವ ಕಡೆ ದ್ರಾಕ್ಷಿ ಬಳ್ಳಿಗೆ ಬೂಜುರೋಗ ಬಂದೇ ಬರುತ್ತದೆ. ನಾವು ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ, ಅದೇ ಮೈಲುತುತ್ತದ ಬೋರ್ಡೋ ಮದ್ದು ಹುಟ್ಟಿದ್ದೇ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ, 1880ರ ದಶಕದಲ್ಲಿ. ಅದನ್ನು ಮಲೆನಾಡಿನ ಅಡಿಕೆಗೆ ಹೊಂದಿಸಿದ್ದು ಮೈಸೂರು ಸರ್ಕಾರದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ಯುರೋಪಿನಲ್ಲಿ ಸಾವಯವ ತೋಟಕ್ಕೂ ಈಗ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರದ ಮಿತಿ ಇದೆ. "ಪ್ರಕೃತಿ ಸಹಜ" ಅನ್ನುವ ಲೇಬಲ್ ನೋಡಿ ಕರಗುವವರಿಗೆ ಈ ತಾಮ್ರದ ಲೆಕ್ಕ ಯಾರೂ ಹೇಳುವುದಿಲ್ಲ.

ರುಚಿಗೆ ಬರೋಣ. ಬಿಳಿ ವೈನ್ ಅಂದರೆ ತಣ್ಣಗೆ, ತೆಳ್ಳಗೆ, ನಿಂಬೆಯ ಹಾಗೆ ಅಂದುಕೊಂಡವರಿಗೆ ಇದು ಮೊದಲ ಗುಟುಕಿಗೇ ಹಿಡಿಸುವುದು ಕಷ್ಟ. ಬಣ್ಣ ಬಂಗಾರ. ಮದ್ಯದ ಅಂಶ 14, ಕೆಲವು ವರ್ಷ 15 ಪರ್ಸೆಂಟ್. ಜೇನುಮೇಣ, ಹೆಚ್ಚಿಟ್ಟ ಸೇಬು, ಒಣ ಹೂವಿನ ವಾಸನೆ. ಮೂಗಿಗೆ ಸಿಹಿ ಅನ್ನಿಸಿದರೂ ಬಾಯಲ್ಲಿ ಸಿಹಿ ಇರುವುದಿಲ್ಲ. ಹುಳಿ ಇದೆ, ಜೊತೆಗೆ ಒಂದು ಕಹಿ ಒಗರು. ನೆಲ್ಲಿಕಾಯಿ ತಿಂದು ನೀರು ಕುಡಿದ ಹಾಗೆ, ನುಂಗಿದ ಮೇಲೆ ರುಚಿ ನಿಧಾನವಾಗಿ ತಿರುಗುತ್ತದೆ. ಬಿರಡೆ ತೆಗೆದ ತಕ್ಷಣ ಕುಡಿದರೆ ಇದೇನೂ ಸಿಗದೆ ಬೇಜಾರಾಗಬಹುದು. ಕೆಲವು ಬಾಟಲಿ ನನಗೇ ನಿರಾಸೆ ಮಾಡಿವೆ. ಗಾಳಿ ತಾಗಿ ದಣಿದ ಹಾಗಿದ್ದವು. ಅಭಿಮಾನಿಗಳು ಅದನ್ನೂ "ವೈನಿನ ಸ್ವಭಾವ" ಅನ್ನುತ್ತಾರೆ. ಇಷ್ಟು ದುಡ್ಡು ಕೊಟ್ಟವನಿಗೆ ಆ ಸಮಾಧಾನ ಸಾಲದು.

ದುಡ್ಡಿನ ಮಾತು ಬಂತಲ್ಲ. ಬಾಟಲಿಗೆ ಈಗ ನೂರು ಯೂರೋ ಆಸುಪಾಸು. ನನ್ನ ತಕರಾರು ಇರುವುದು ಇಲ್ಲೇ. ಇಳುವರಿ ಇಷ್ಟು ಕಡಿಮೆ ಇಟ್ಟುಕೊಂಡು, ತಿದ್ದದೆ, ಕಾದು ಕುಳಿತು ಬದುಕಬೇಕಾದರೆ ಹೆಸರಾದ ಇಳಿಜಾರು ಕೈಯಲ್ಲಿರಬೇಕು. ಒಂದು ವರ್ಷದ ಬೆಳೆ ಹೋದರೆ ಸೊಸೈಟಿ ಸಾಲಕ್ಕೆ ಉತ್ತರ ಹೇಳಬೇಕಾದ ರೈತನ ಮುಂದೆ ನಿಂತು "ಪ್ರಕೃತಿಯನ್ನು ನಂಬು" ಅನ್ನುವುದು ಸುಲಭದ ಉಪದೇಶ. ಇದೇ ಪದ್ಧತಿ ಹಿಡಿದ ಹೆಸರಿಲ್ಲದ ಸಣ್ಣ ತೋಟಗಳು ಲುವಾರ್ ಉದ್ದಕ್ಕೂ ಇವೆ. ಅವರ ಬಾಟಲಿಗೆ ಈ ಬೆಲೆ ಹುಟ್ಟುವುದಿಲ್ಲ. ಜೋಲಿ 2001ರಲ್ಲಿ ಇಂಥ ಬೆಳೆಗಾರರನ್ನು ಸೇರಿಸಿ ಒಂದು ಸಂಘ ಕಟ್ಟಿದರು. ಅದು ಅವರ ದೊಡ್ಡ ಕೆಲಸ. ಭಾಷಣಗಳಿಗಿಂತ ದೊಡ್ಡದು ಅಂತ ನನ್ನ ಅಭಿಪ್ರಾಯ.

ಈ ಕಡೆ ಬರುವ ಗೆಳೆಯರು ಕೇಳುತ್ತಿರುತ್ತಾರೆ, ಅದಕ್ಕೆ ಇಲ್ಲೇ ಬರೆದುಬಿಡುತ್ತೇನೆ. ನೇರವಾಗಿ ಕೂಲೇ ದ ಸೆರ್ರಾಂ ಕೊಳ್ಳಬೇಡಿ. ಅದೇ ಮನೆಯ ಲೇ ವಿಯೂ ಕ್ಲೋ ಇದೆ. ಅದೂ ಸಾವೆನ್ಯೇರ್‌ನದ್ದೇ, ಅದೇ ಶೆನಿನ್, ಬೆಲೆ ಎಷ್ಟೋ ಕಡಿಮೆ. ಹಿಂದಿನ ದಿನವೇ ಬಿರಡೆ ತೆಗೆದು ಜಗ್‌ಗೆ ಸುರಿದಿಡಿ. ತೋಟದವರೂ ಹಾಗೇ ಹೇಳುತ್ತಾರೆ. ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿಯಬೇಡಿ, 14 ಡಿಗ್ರಿ ಹತ್ತಿರ ಇರಲಿ. ಊಟಕ್ಕೆ ಮೀನು ಇದ್ದರೆ ಒಳ್ಳೆಯದು, ಹುಣಸೆ ಹಾಕದ ಸಾರಿನ ಮೀನು. ಒಂದೇ ಸಲ ಮುಗಿಸಬೇಡಿ. ಉಳಿದದ್ದನ್ನು ಮುಚ್ಚಿಟ್ಟು ಮಾರನೇ ದಿನ, ಅದರ ಮಾರನೇ ದಿನ ಕುಡಿದು ನೋಡಿ. ಹಿಡಿಸದಿದ್ದರೆ ದೊಡ್ಡಣ್ಣನ ಬಾಟಲಿಗೆ ಕೈ ಹಾಕುವ ಅಗತ್ಯವೇ ಇಲ್ಲ.