ನೀರು ತಪ್ಪಿದರೆ ಸೆಲರಿ ನಾರು

ಸೆಲರಿ ಅಂದ ಕೂಡಲೇ ಬಹಳ ಮಂದಿ ಮುಖ ಸಿಂಡರಿಸುತ್ತಾರೆ. ಬರೀ ನಾರು, ಕಹಿ, ಎಷ್ಟು ಅಗಿದರೂ ಮುಗಿಯುವುದಿಲ್ಲ ಎಂದು ದೂರುತ್ತಾರೆ. ಅವರು ತಿಂದದ್ದು ಬಾಯಾರಿದ ಸೆಲರಿ, ಅಷ್ಟೇ. ಮೂಲತಃ ಇದು ಜೌಗು ನೆಲದ ಗಿಡ. ತೂಕದಲ್ಲಿ ಸುಮಾರು 95% ನೀರೇ. ಬೀಜ ಬಿತ್ತಿದ ದಿನದಿಂದ ಫ್ರಿಜ್ಜಿನಿಂದ ತೆಗೆಯುವ ದಿನದವರೆಗೆ ಅದಕ್ಕೆ ನೀರಿನ ಹದ ತಪ್ಪಬಾರದು. ಸೆಲರಿಯ ತೊಂದರೆಗಳಲ್ಲಿ ಮುಕ್ಕಾಲು ಪಾಲಿನ ಬೇರು ಹುಡುಕಿದರೆ ಎಲ್ಲೋ ಒಂದು ಕಡೆ ನೀರು ತಪ್ಪಿರುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆ ಸರಿಮಾಡಿಕೊಳ್ಳೋಣ. ನಾವು ದಂಟು ಎಂದು ತಿನ್ನುವುದು ಗಿಡದ ಕಾಂಡವಲ್ಲ, ಎಲೆಯ ತೊಟ್ಟು. ಕೊತ್ತಂಬರಿ, ಕ್ಯಾರೆಟ್‌ಗಳ ಕುಟುಂಬದ ಈ ಗಿಡದಲ್ಲಿ ತೊಟ್ಟೇ ದಪ್ಪಗಾಗಿ ರಸ ತುಂಬಿಕೊಳ್ಳುತ್ತದೆ. ನಿಜವಾದ ಕಾಂಡ ಬುಡದಲ್ಲಿ ಒಂದು ಗಿಡ್ಡ ಬಿಲ್ಲೆಯಂತೆ ಕೂತಿರುತ್ತದೆ. ಅದು ಉದ್ದವಾಗಲು ಹೊರಟಿತೆಂದರೆ ಗಿಡ ಹೂವಿಗೆ ಹೊರಟಿದೆ ಎಂದರ್ಥ, ತೊಟ್ಟಿನ ರುಚಿಯ ಕಥೆ ಅಲ್ಲಿಗೆ ಮುಗಿಯಿತು.

ಬೀಜ ಬಹಳ ಸಣ್ಣದು, ಒಂದು ಗ್ರಾಮಿಗೆ ಸುಮಾರು 2,500. ಮೊಳೆಯಲು ಬೆಳಕು ಬೇಕು, ಹಾಗಾಗಿ ಮಣ್ಣಿನಡಿ ಹೂಳಬಾರದು. ಒಂದು ರಾತ್ರಿ ನೆನೆಸಿ, ಒದ್ದೆ ಮಾಡಿದ ನುಣುಪು ಮಿಶ್ರಣದ ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿದರೆ ಸಾಕು. ಮೇಲಿಂದ ನೀರು ಸುರಿದರೆ ಬೀಜ ಕೊಚ್ಚಿಹೋಗುತ್ತದೆ. ತಟ್ಟೆಯಲ್ಲಿ ನೀರು ಹಾಕಿ ಕೆಳಗಿನಿಂದ ಹೀರಿಕೊಳ್ಳಲು ಬಿಡಿ. 15ರಿಂದ 21 ಡಿಗ್ರಿ ಸೆಲ್ಸಿಯಸ್ ಇದ್ದರೆ ಎರಡು ಮೂರು ವಾರದಲ್ಲಿ ಮೊಳಕೆ ಕಾಣುತ್ತದೆ. ಬಿಸಿ ಹೆಚ್ಚಾದರೆ ಬೀಜ ಸಾಯುವುದಿಲ್ಲ, ನಿದ್ದೆಗೆ ಜಾರುತ್ತದೆ. ಹತ್ತನೇ ದಿನಕ್ಕೆ 'ಬೀಜ ಕೆಟ್ಟದ್ದು' ಎಂದು ತಟ್ಟೆ ಬಗ್ಗಿಸುವವರು ಬಹಳ. ದಯವಿಟ್ಟು ತಾಳಿ. ಆ ಮೂರು ವಾರದಲ್ಲಿ ಒಂದು ಮಧ್ಯಾಹ್ನ ಮೇಲ್ಪದರ ಒಣಗಿದರೂ ಆಗಷ್ಟೇ ಬಿರಿದ ಮೊಳಕೆ ಸುಟ್ಟುಹೋಗುತ್ತದೆ.

ಸಸಿ ನಾಟಿಗೆ ಬರಲು 8ರಿಂದ 12 ವಾರ ಬೇಕು. 10-15 ಸೆಂ.ಮೀ. ಎತ್ತರ, ಐದಾರು ಎಲೆ, ಗಟ್ಟಿ ಬುಡ ಇರಬೇಕು. ಇಲ್ಲಿ ಚಳಿಯ ಅಪಾಯವಿದೆ. ಎಳೆ ಸಸಿ ಹತ್ತು ದಿನಕ್ಕಿಂತ ಹೆಚ್ಚು ಕಾಲ 10 ಡಿಗ್ರಿಗಿಂತ ಕಡಿಮೆ ತಂಪಿನಲ್ಲಿ ನಿಂತರೆ, ಚಳಿಗಾಲ ಕಳೆಯಿತೆಂದು ಲೆಕ್ಕ ಹಾಕಿ ಮುಂದೆ ಹೂದಂಟು ಎತ್ತಿಬಿಡುತ್ತದೆ. ಆಮೇಲೆ ಹೂದಂಟು ಚಿವುಟಿದರೂ ಪ್ರಯೋಜನವಿಲ್ಲ. ಸಸಿಯನ್ನು ಗಟ್ಟಿ ಮಾಡಬೇಕೆಂದು ಚಳಿಗೆ ಒಡ್ಡುವವರು ಇದನ್ನು ನೆನಪಿಡಬೇಕು. ನೀರನ್ನು ತುಸು ಹಿಡಿದು ಗಟ್ಟಿ ಮಾಡಿ, ಚಳಿಗೆ ಇಟ್ಟು ಅಲ್ಲ. ನೀರು ಹಿಡಿಯಬಹುದಾದ ಹೊತ್ತು ಇದೊಂದೇ, ಅದೂ ಬಾಡದಷ್ಟು ಮಾತ್ರ.

ಮಣ್ಣು ಫಲವತ್ತಾಗಿರಬೇಕು, ನೀರು ಹಿಡಿದಿಡಬೇಕು, ಆದರೆ ಕೆಸರಾಗಿ ನಿಲ್ಲಬಾರದು. ರಸಸಾರ 6ರಿಂದ 7. ಬೇರು ಹೆಚ್ಚೆಲ್ಲ ಮೇಲಿನ 15-20 ಸೆಂ.ಮೀ.ನಲ್ಲೇ ಹರಡಿರುವುದರಿಂದ ಆಳದ ತೇವ ಅದಕ್ಕೆ ಸಿಗುವುದಿಲ್ಲ. ಆದ್ದರಿಂದ ಚೆನ್ನಾಗಿ ಕಳಿತ ಗೊಬ್ಬರವನ್ನು ಆ ಮೇಲ್ಪದರಕ್ಕೇ ಬೆರೆಸಿ. ಗಿಡದಿಂದ ಗಿಡಕ್ಕೆ 20 ಸೆಂ.ಮೀ., ಸಾಲಿನಿಂದ ಸಾಲಿಗೆ 45-60 ಸೆಂ.ಮೀ. ಬಿಡಿ. ನಾಟಿ ಮಾಡುವಾಗ ಸುಳಿ ಮಣ್ಣಿನಲ್ಲಿ ಮುಚ್ಚಿಹೋಗಬಾರದು. ಒಣಹುಲ್ಲಿನ ಹೊದಿಕೆ ಹಾಕಿ. ವಾರಕ್ಕೆ ಕನಿಷ್ಠ 2.5 ಸೆಂ.ಮೀ. ನೀರು, ಬಿಸಿಲು ಜಾಸ್ತಿಯಾದರೆ ಅದರ ಎರಡರಷ್ಟು. ಕಳೆ ತೆಗೆಯುವಾಗ ಆಳಕ್ಕೆ ಕೆದಕಬೇಡಿ, ಬೇರೇ ಕಿತ್ತುಬರುತ್ತದೆ.

ಇನ್ನು ಬೆಳೆಯುವವರನ್ನು ಹೆಚ್ಚು ಕಂಗೆಡಿಸುವ ಸಂಗತಿ, ಸುಳಿ ಕಪ್ಪಾಗುವುದು. ಹೊರಗೆ ಗಿಡ ಸೊಂಪಾಗಿಯೇ ಇರುತ್ತದೆ. ನಡುವನ್ನು ಬಿಡಿಸಿ ನೋಡಿದರೆ ಎಳೆ ಎಲೆಗಳ ತುದಿ ಕಂದಾಗಿ, ಆಮೇಲೆ ಕಪ್ಪಾಗಿ ಕೊಳೆತಿರುತ್ತದೆ. ಇದು ರೋಗಾಣುವಿನಿಂದ ಶುರುವಾಗುವುದಲ್ಲ, ಸುಳಿಗೆ ಕ್ಯಾಲ್ಸಿಯಂ ತಲುಪದೆ ಆಗುವುದು. ಆದರೆ ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ ಹೀಗಾಗುತ್ತದೆ! ಕ್ಯಾಲ್ಸಿಯಂ ನೀರಿನ ಜತೆಗೇ ಮೇಲೇರುತ್ತದೆ. ಹೊರಗಿನ ದೊಡ್ಡ ಎಲೆಗಳು ಹೆಚ್ಚು ನೀರು ಆವಿಯಾಗಿಸಿ ಅದನ್ನು ತಮ್ಮತ್ತ ಎಳೆದುಕೊಳ್ಳುತ್ತವೆ. ಒಳಗೆ ಮುದುಡಿಕೊಂಡಿರುವ ಸುಳಿಗೆ ಉಳಿದದ್ದೇ ಪಾಲು. ನಾಲ್ಕು ದಿನ ಒಣಗಿಸಿ ಐದನೇ ದಿನ ಹೊಳೆ ಹರಿಸಿದರೆ, ಅಥವಾ ಸಾರಜನಕ ಸುರಿದು ಗಿಡವನ್ನು ಓಡಿಸಿದರೆ, ಆ ಪಾಲೂ ತಪ್ಪುತ್ತದೆ. ಸುಣ್ಣ ಹಾಕುವುದಕ್ಕಿಂತ ಮೊದಲು ನೀರಿನ ಹೊತ್ತು ಸರಿಮಾಡಿ. ಕ್ಯಾಲ್ಸಿಯಂ ಸಿಂಪಡಿಸುವುದೇ ಆದರೆ ದ್ರಾವಣ ಸುಳಿಯೊಳಗೆ ಇಳಿಯಬೇಕು, ಹೊರ ಎಲೆ ತೊಯ್ದರೆ ಏನೂ ಆಗದು, ಅಲ್ಲಿಂದ ಒಳಗೆ ಹೋಗುವುದಿಲ್ಲ.

ತೊಟ್ಟಿನ ಮೇಲೆ ಅಡ್ಡಡ್ಡ ಕಂದು ಬಿರುಕು ಬಂದು ಅಂಚು ಹಿಂದಕ್ಕೆ ಸುರುಳಿಯಾಗಿದ್ದರೆ ಅದು ಬೋರಾನ್ ಕೊರತೆ. 10 ಚದರ ಮೀಟರಿಗೆ 10 ಗ್ರಾಂ ಬೋರಾಕ್ಸ್ ನೀರಿನಲ್ಲಿ ಕರಗಿಸಿ ಒಂದು ಸಲ ಕೊಟ್ಟರೆ ಸಾಕು; ಹೆಚ್ಚಾದರೆ ವಿಷ. ಎಲೆಯ ಮೇಲೆ ಕಂದು ಚುಕ್ಕೆ, ಚುಕ್ಕೆಯೊಳಗೆ ಸೂಜಿಮೊನೆಯಂಥ ಕಪ್ಪು ಬಿಂದುಗಳು ಕಂಡರೆ ಅದು ಸೆಪ್ಟೋರಿಯಾ ಎಂಬ ಶಿಲೀಂಧ್ರ ರೋಗ. ಅದು ಬೀಜದ ಜತೆಗೂ ಬರುತ್ತದೆ, ಎಲೆ ಒದ್ದೆಯಿದ್ದರೆ ಹರಡುತ್ತದೆ. ನೀರು ಬೇಕು ಎಂದೆನಲ್ಲ, ಅದು ಬುಡಕ್ಕೆ, ಎಲೆಗಲ್ಲ.

ಕೊಯ್ಲಿಗೆ ಎರಡು ಮೂರು ವಾರ ಮುಂಚೆ ತೊಟ್ಟುಗಳ ಸುತ್ತ ದಪ್ಪ ಕಾಗದ ಸುತ್ತಿ ಬೆಳಕು ತಡೆದರೆ ಬಣ್ಣ ತಿಳಿಯಾಗುತ್ತದೆ, ಖಾರ ತಗ್ಗುತ್ತದೆ. ಎಲೆಗಳು ಮಾತ್ರ ಹೊರಗಿರಬೇಕು. ನನ್ನ ಮಟ್ಟಿಗೆ ಹಸಿರು ಸೆಲರಿಯದೇ ರುಚಿ; ಬಿಳುಪಾಗಿಸಿದ್ದರಲ್ಲಿ ಪರಿಮಳವೂ ಪೋಷಕಾಂಶವೂ ಕಡಿಮೆ. ನಾಟಿಯಾದ 85ರಿಂದ 120 ದಿನಕ್ಕೆ ಕೊಯ್ಲು. ಬೆಳಗಿನ ತಂಪಿನಲ್ಲಿ, ತೊಟ್ಟು ಬಿರುಸಾಗಿರುವಾಗ ಬುಡ ಕತ್ತರಿಸಿ. ರಸ ಮೈಗೆ ತಾಗಿ ಬಿಸಿಲು ಬಿದ್ದರೆ ಕೆಲವರ ಚರ್ಮ ಸುಟ್ಟಂತೆ ಬೊಬ್ಬೆ ಏಳುತ್ತದೆ. ಗಿಡದಲ್ಲಿರುವ ಸೋರಾಲೆನ್ ಇದಕ್ಕೆ ಕಾರಣ, ಕೊಳೆರೋಗ ತಗಲಿದ ಗಿಡದಲ್ಲಿ ಅದು ಇನ್ನೂ ಹೆಚ್ಚು. ತುಂಬುತೋಳು ಹಾಕಿಕೊಳ್ಳಿ.

ಕೊಳ್ಳುವಾಗ ಮೊದಲು ಕೈಯಲ್ಲಿ ತೂಗಿ ನೋಡಿ. ಗಾತ್ರ ನೋಡಿ ಅಂದುಕೊಂಡದ್ದಕ್ಕಿಂತ ಭಾರವೆನಿಸಬೇಕು. ಬುಡದ ಕತ್ತರಿಸಿದ ಮುಖ ಬಿಳಿ ಅಥವಾ ತಿಳಿಹಸಿರು ಇದ್ದರೆ ಹೊಸದು. ಕಂದಾಗಿ ಒಳಗೆ ಕುಗ್ಗಿದ್ದರೆ ಹಳೆಯದು. ಹೊರಗಿನ ತೊಟ್ಟು ಸ್ವಲ್ಪ ಸರಿಸಿ ಸುಳಿ ನೋಡಿ, ಕಪ್ಪು ಇದ್ದರೆ ಬೇಡ. ನಡುವೆ ದುಂಡಗಿನ ಗಟ್ಟಿ ಕೋಲು ಕಂಡರೂ ಬೇಡ, ಅದು ಹೂದಂಟು, ಕಹಿ ಇರುತ್ತದೆ. ಹೊರ ತೊಟ್ಟನ್ನು ಎರಡು ಬೆರಳಿನ ನಡುವೆ ಒತ್ತಿ; ಒಳಸರಿದರೆ ಬೆಂಡಾಗಿದೆ.

ಬೆಂಡು ಎಂದರೇನು ಎಂದು ಕಣ್ಣಾರೆ ನೋಡಬೇಕಾದರೆ ಒಂದು ತೊಟ್ಟನ್ನು ಅಡ್ಡಕ್ಕೆ ಕತ್ತರಿಸಿ ಬೆಳಕಿಗೆ ಹಿಡಿಯಿರಿ. ಅರ್ಧಚಂದ್ರದ ಆಕಾರ. ಹೊರಬಾಗಿನ ಉದ್ದಕ್ಕೂ ಒಂದೊಂದು ಏಣಿನ ಕೆಳಗೆ ಒಂದೊಂದು ಚುಕ್ಕೆ, ಅವೇ ನಾರಿನ ಎಳೆಗಳು. ನಡುವಿನ ತಿರುಳು ಒದ್ದೆ ಗಾಜಿನಂತೆ ಹೊಳೆಯಬೇಕು. ಅಲ್ಲಿ ಹತ್ತಿಯಂಥ ಒಣ ಬಿಳುಪು ಕಂಡರೆ ಜೀವಕೋಶಗಳು ನೀರು ಕಳೆದುಕೊಂಡು ಗಾಳಿ ತುಂಬಿಕೊಂಡಿವೆ. ಬಾಡಿದ್ದನ್ನು ಎಬ್ಬಿಸಬಹುದು, ಬೆಂಡಾದದ್ದನ್ನು ಎಬ್ಬಿಸಲು ಬರುವುದಿಲ್ಲ, ಸಾರಿಗೆ ಬೇಯಿಸುವುದೊಂದೇ ದಾರಿ. ಇಟ್ಟ ಮೇಲೂ ಹೊರ ತೊಟ್ಟೇ ಮೊದಲು ಬೆಂಡಾಗುತ್ತದೆ, ಯಾಕೆಂದರೆ ಕೊಯ್ದ ಮೇಲೂ ಸುಳಿ ಬೆಳೆಯುತ್ತಲೇ ಇರುತ್ತದೆ, ಹೊರಗಿನದನ್ನು ಹೀರಿಕೊಂಡು. ಹಾಗಾಗಿ ಹೊರಗಿನಿಂದ ಒಳಕ್ಕೆ ಬಳಸುತ್ತ ಹೋಗಿ.

ಶೇಖರಣೆಗೆ ಸರಿಯಾದ ಜಾಗ 0 ಡಿಗ್ರಿ, 98-100% ತೇವಾಂಶ. ಅಲ್ಲಿ ಐದಾರು ವಾರ ಇರುತ್ತದೆ. ಮನೆಯ ಫ್ರಿಜ್ಜಿನಲ್ಲಿ ಎರಡು ವಾರ ಧಾರಾಳ, ಆದರೆ ತಂದ ಪ್ಲಾಸ್ಟಿಕ್ ಚೀಲದಲ್ಲೇ ಬಿಗಿದಿಡಬಾರದು. ಒಳಗೆ ಬೆವರು ಕೂತು ಕೊಳೆಯುತ್ತದೆ, ಎಥಿಲೀನ್ ಅನಿಲ ಹೊರಹೋಗದೆ ಹಳದಿಗಟ್ಟುತ್ತದೆ. ತೊಳೆಯದೆ, ಬಿಡಿಸದೆ, ಇಡೀ ಕಟ್ಟನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸಡಿಲವಾಗಿ ಸುತ್ತಿ. ತೇವ ಉಳಿಯುತ್ತದೆ, ಮಡಿಕೆಗಳ ಸಂದಿಯಿಂದ ಅನಿಲ ಹೋಗುತ್ತದೆ. ಅದೇ ಅನಿಲ ಬಿಡುವ ಸೇಬಿನ ಪಕ್ಕ ಬೇಡ. ಫ್ರಿಜ್ಜಿನ ಹಿಂಗೋಡೆಗೆ ತಾಗಿಸಿಯೂ ಇಡಬೇಡಿ, ಮೈನಸ್ 0.5 ಡಿಗ್ರಿಗೇ ಹೆಪ್ಪುಗಟ್ಟಿ, ಕರಗಿದಾಗ ನೀರೂರಿ ಜೋತುಬೀಳುತ್ತದೆ. ಹೆಚ್ಚಿದ್ದಾದರೆ ತಣ್ಣೀರಿನ ಡಬ್ಬಿಯಲ್ಲಿ ಮುಳುಗಿಸಿಡಿ, ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಬಾಡಿದರೆ ಬುಡದಿಂದ ಒಂದು ಸೆಂ.ಮೀ. ಕತ್ತರಿಸಿ ಮಂಜುನೀರಿನಲ್ಲಿ ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಕಟಕ್ಕನೆ ಮುರಿಯುತ್ತದೆ.

ಹೆಚ್ಚು ದಿನಕ್ಕಾದರೆ ತುಂಡು ಮಾಡಿ, ಕುದಿಯುವ ನೀರಿನಲ್ಲಿ 3 ನಿಮಿಷ ಅದ್ದಿ, ಮಂಜುನೀರಿಗೆ ಹಾಕಿ, ಚೆನ್ನಾಗಿ ಬಸಿದು ಫ್ರೀಜರಿನಲ್ಲಿಡಿ. ಗರಿಗರಿ ಹೋಗುತ್ತದೆ, ಬೇಯಿಸುವುದಕ್ಕೆ ಮಾತ್ರ ಬರುತ್ತದೆ. ಎಲೆಗಳನ್ನು ಎಸೆಯಬೇಡಿ, ತೊಟ್ಟಿಗಿಂತ ಪರಿಮಳ ಅವುಗಳಲ್ಲೇ ಹೆಚ್ಚು. ನೆರಳಿನಲ್ಲಿ ಗಾಳಿಯಾಡುವ ಕಡೆ ಒಣಗಿಸಿ, ಮುಟ್ಟಿದರೆ ಪುಡಿಯಾಗುವ ಹದಕ್ಕೆ ಬಂದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ. ಬಿತ್ತನೆಗೆಂದು ತಂದ ಬೀಜವನ್ನು ಮಾತ್ರ ಅಡುಗೆಗೆ ಬಳಸಬೇಡಿ, ಅದಕ್ಕೆ ಶಿಲೀಂಧ್ರನಾಶಕ ಲೇಪಿಸಿರಬಹುದು.